ಫೈಲ್ ಬದಲಾಗುವುದನ್ನು ಕಾಯುವ ಸ್ಕ್ರಿಪ್ಟ್: ಫೋಲ್ಡರ್ ಮೇಲೆ ಕಣ್ಣಿಡಿ

ಮಂಗಳೂರು, ಉಡುಪಿಯ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಯಕ್ಷಗಾನದ ಹ್ಯಾಂಡ್‌ಬಿಲ್, ನೇಮದ ಆಮಂತ್ರಣ ಪತ್ರಿಕೆ ಅಂತ ಸೀಸನ್‌ನಲ್ಲಿ ಕೆಲಸ ಜಾಸ್ತಿ. ಡಿಸೈನ್ ಸೇವ್ ಆದ ಕೂಡಲೇ ಬ್ಯಾಕಪ್ ತಾನಾಗಿಯೇ ಆಗಬೇಕಾದರೆ ಲಿನಕ್ಸ್‌ನಲ್ಲಿ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಸಾಕು.

ತುಂಬಾ ಜನ ಲೂಪ್ ಹಾಕಿ, ಸೆಕೆಂಡಿಗೊಮ್ಮೆ ಸ್ಟ್ಯಾಟ್ ಕಮಾಂಡ್‌ನಿಂದ ಫೈಲ್ ಕೊನೆಯ ಸಲ ಬದಲಾದ ಸಮಯ ನೋಡುತ್ತಾರೆ. ನಡೆಯುತ್ತದೆ. ಆದರೆ ಸುಮ್ನೆ ಪದೇ ಪದೇ ಕೇಳುವುದು ಯಾಕೆ? 2005ರಿಂದಲೇ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಐನೋಟಿಫೈ ಎಂಬ ವ್ಯವಸ್ಥೆ ಇದೆ. ಬದಲಾವಣೆ ಆದಾಗ ಕರ್ನಲ್ಲೇ ತಿಳಿಸುತ್ತದೆ. ಐನೋಟಿಫೈ-ಟೂಲ್ಸ್ ಪ್ಯಾಕೇಜ್ ಹಾಕಿಕೊಂಡರೆ ಈ ಸೂಚನೆಗಾಗಿ ಕಾಯುವ ಐನೋಟಿಫೈವೇಟ್ ಕಮಾಂಡ್ ಸಿಗುತ್ತದೆ. ಯಾವ ಬಗೆಯ ಬದಲಾವಣೆಗೆ, ಅಂದರೆ ಯಾವ 'ಈವೆಂಟ್'ಗೆ ಕಾಯಬೇಕು ಅಂತ ಅದಕ್ಕೆ ಹೇಳಬೇಕು.

'ಮಾಡಿಫೈ' ಈವೆಂಟ್ ಬಳಸಬೇಡಿ. ದೊಡ್ಡ ಫೈಲ್ ಬರೆಯುತ್ತಿರುವಾಗ ಅದು ಹಲವು ಸಲ ಬರುತ್ತದೆ, ಅರ್ಧ ಫೈಲೇ ಕಾಪಿ ಆದೀತು. 'ಕ್ಲೋಸ್ ರೈಟ್' ಬರುವುದು ಬರೆದು ಮುಚ್ಚಿದ ಮೇಲೆ. ಅದೇ ಒಳ್ಳೆಯದು.

ಇನ್ನು ಮುಖ್ಯ ವಿಷಯ. ಫೈಲ್ ಮೇಲಲ್ಲ, ಅದಿರುವ ಫೋಲ್ಡರ್ ಮೇಲೆ ಕಣ್ಣಿಡಿ. ಎಷ್ಟೋ ಸಾಫ್ಟ್‌ವೇರ್‌ಗಳು ಹೊಸ ಫೈಲ್ ಬರೆದು, ಅದಕ್ಕೆ ಹಳೆಯ ಹೆಸರು ಕೊಡುತ್ತವೆ. ಹಳೆಯ ಫೈಲನ್ನೇ ಕಾಯುತ್ತಿದ್ದ ಸ್ಕ್ರಿಪ್ಟ್‌ಗೆ ಮುಂದಿನ ಬದಲಾವಣೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಹೀಗೆ ಹೆಸರು ಬದಲಾದಾಗ ಬರುವ 'ಮೂವ್ಡ್ ಟು' ಈವೆಂಟನ್ನೂ ಸೇರಿಸಿ. ಐನೋಟಿಫೈವೇಟ್‌ಗೆ, ಒಂದು ಈವೆಂಟ್‌ಗೇ ನಿಲ್ಲದೆ ಕಾಯುತ್ತಲೇ ಇರುವ ಮಾನಿಟರ್ ಆಯ್ಕೆ ಕೊಟ್ಟು, ಅದರ ಔಟ್‌ಪುಟ್ಟನ್ನು ಪೈಪ್ ಮೂಲಕ ವೈಲ್-ರೀಡ್ ಲೂಪ್‌ಗೆ (ಒಂದೊಂದೇ ಸಾಲು ಓದಿ ಕಾಪಿ ಮಾಡುವ ಲೂಪ್) ಕಳಿಸಿದರೆ ಕಾಪಿ ಆಗುತ್ತಿರುವಾಗ ಬಂದ ಬದಲಾವಣೆಯೂ ತಪ್ಪುವುದಿಲ್ಲ. ಬ್ಯಾಕಪ್ ಬೇರೆ ಫೋಲ್ಡರ್‌ನಲ್ಲಿರಲಿ, ಇಲ್ಲದಿದ್ದರೆ ಅದನ್ನೂ ಹೊಸ ಬದಲಾವಣೆ ಅಂತ ಸ್ಕ್ರಿಪ್ಟ್ ಎಣಿಸೀತು.

ಫೈಲ್ ಬೇರೆ ಕಂಪ್ಯೂಟರ್‌ನ ನೆಟ್‌ವರ್ಕ್ ಶೇರ್‌ನಲ್ಲಿದ್ದರೆ ಐನೋಟಿಫೈ ನಂಬಬೇಡಿ. ಅಲ್ಲಿ ಇನ್ನೊಬ್ಬರು ಮಾಡಿದ ಬದಲಾವಣೆ ನಿಮ್ಮ ಕರ್ನಲ್‌ಗೆ ಕಾಣುವುದಿಲ್ಲ. ಆಗ ಸ್ಟ್ಯಾಟ್ ಲೂಪೇ ಸರಿ, ಅಥವಾ ಫೈಲ್ ಇರುವ ಕಂಪ್ಯೂಟರ್‌ನಲ್ಲೇ ಸ್ಕ್ರಿಪ್ಟ್ ಓಡಿಸಿ.