ಅಡುಗೆಮನೆಯ ಬಣ್ಣ: ಮೊದಲು ಕಲ್ಲು, ಕೊನೆಗೆ ಗೋಡೆ

ದಾವಣಗೆರೆಯ ಹಳೇ ಮನೆ, 10 ಅಡಿಗೆ 8 ಅಡಿಯ ಅಡುಗೆಮನೆ, ಪೂರ್ವಕ್ಕೊಂದು ಕಿಟಕಿ, ಎಲ್ ಆಕಾರದ ಕಟ್ಟೆ. ಕಡಪ ಕಲ್ಲು ತೆಗೆದು ಹೊಸದು ಮಾಡಿಸುವ ಮೊದಲು, ಯಾವುದು ಬದಲಾಗದೆ ಉಳಿಯುತ್ತದೆ ಎಂದು ಬರೆದುಕೊಂಡೆ. ನೆಲದ ವಿಟ್ರಿಫೈಡ್ ಟೈಲ್ಸ್ ಉಳಿಯುತ್ತಿತ್ತು, ಅದು ಕೆನೆ ಬಣ್ಣ. ತೇಗದ ಕಿಟಕಿ ಚೌಕಟ್ಟೂ ಉಳಿಯುತ್ತಿತ್ತು. ಎರಡರಲ್ಲೂ ಹಳದಿ ಛಾಯೆ ಇರುವುದರಿಂದ ನೀಲಿ ಬೆರೆತ ಅಚ್ಚ ಬಿಳಿ ಏನೂ ಒಳಗೆ ಬರಬಾರದೆಂದು ಅಲ್ಲಿಗೇ ತೀರ್ಮಾನವಾಯಿತು. ಅಂಥ ಬಿಳಿಯ ಪಕ್ಕದಲ್ಲಿ ಕೆನೆ ಬಣ್ಣ ಕೊಳೆಯಾದಂತೆ ಕಾಣುತ್ತದೆ, ಎಷ್ಟು ಒರೆಸಿದರೂ ಹೋಗದ ಕೊಳೆ.

ಕಲ್ಲನ್ನು ಆರಿಸಿದ್ದು ನೀರು ನೋಡಿ. ಕುಡಿಯಲು ನಲ್ಲಿ ನೀರು ಬಂದರೂ ಪಾತ್ರೆ ತೊಳೆಯಲು ನಮ್ಮಲ್ಲಿ ಬಹಳ ಮನೆಗಳಲ್ಲಿ ಬೋರ್ ನೀರೇ ಗತಿ, ಅದು ಗಡುಸು. ಹನಿ ಒಣಗಿದ ಕಡೆ ಸುಣ್ಣದಂಥ ಬಿಳಿ ಉಂಗುರ ಉಳಿಯುತ್ತದೆ. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟ್ ಅಂಗಡಿಯಲ್ಲಿ ಎಷ್ಟು ಚಂದವೋ ಸಿಂಕಿನ ಪಕ್ಕ ಅಷ್ಟೇ ಕಷ್ಟ. ಕಲ್ಲಿನ ಮಾದರಿ ತುಂಡುಗಳ ಮೇಲೆ ಬೋರ್ ನೀರಿನ ಹತ್ತು ಹನಿ ಬಿಟ್ಟು, ತಾನಾಗಿ ಒಣಗಲು ಬಿಟ್ಟು ನೋಡಿ. ನಾನು ಹಾಗೆ ನೋಡಿಯೇ ಕಪ್ಪನ್ನು ಬಿಟ್ಟು ಬೂದು ಮೈಯಲ್ಲಿ ಕಪ್ಪು ಚುಕ್ಕಿಯಿರುವ ಸ್ಟೀಲ್ ಗ್ರೇ ಹಿಡಿದೆ. ಇಳಕಲ್ ಕಡೆಯ ಕೆಂಪು ಗ್ರಾನೈಟ್ ನನಗೆ ತುಂಬ ಇಷ್ಟ, ಗಟ್ಟಿಯೂ ಹೌದು. ಆದರೆ ಕೆಂಪು ಕಲ್ಲು ಇಟ್ಟರೆ ಶಟರ್‌ನಿಂದ (ಕಟ್ಟೆ ಕೆಳಗಿನ, ಮೇಲಿನ ಪೆಟ್ಟಿಗೆಗಳ ಬಾಗಿಲು) ಗೋಡೆಯವರೆಗೆ ಎಲ್ಲವೂ ಅದಕ್ಕೆ ತಗ್ಗಿ ನಡೆಯಬೇಕಾಗುತ್ತದೆ.

ಕಲ್ಲಿನ ಅಂಗಡಿಯಲ್ಲಿ ಚಪ್ಪಡಿಗೆ ನೀರು ಚಿಮುಕಿಸಿ ತೋರಿಸುತ್ತಾರೆ. ಒದ್ದೆ ಕಲ್ಲಿನ ಬಣ್ಣ ನಂಬಬೇಡಿ, ಒಣಗಿದ ಮೇಲೆ ನೋಡಿ. ಗಾಢ ಬಣ್ಣದ ಕಲ್ಲಾದರೆ ಇನ್ನೆರಡು ಪರೀಕ್ಷೆ: ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ ಉಜ್ಜಿ, ಬಟ್ಟೆಗೆ ಕಪ್ಪು ಹತ್ತಿದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ. ನಿಂಬೆ ರಸದ ಹನಿ ಹತ್ತು ನಿಮಿಷ ಬಿಟ್ಟು ಒರೆಸಿ, ಆ ಜಾಗ ಮಂಕಾದರೆ ಅದರಲ್ಲಿ ಹುಳಿಗೆ ಕರಗುವ ಅಂಶವಿದೆ. ದಿನಾ ಹುಣಸೆಹುಳಿ ಚೆಲ್ಲುವ ಕಟ್ಟೆಗೆ ಅದು ಬೇಡ.

ಅಳತೆ: 10 ಅಡಿ ಗೋಡೆಗೆ ಪೂರ್ತಿ, 8 ಅಡಿ ಗೋಡೆಯಲ್ಲಿ ಮೂಲೆಯ 2 ಅಡಿ ಕಳೆದು 6, ಒಟ್ಟು 16 ಅಡಿ ಉದ್ದ. ಅಗಲ 25 ಇಂಚು, ಅಂದರೆ ಕಟ್ಟೆ ಕೆಳಗಿನ ಪೆಟ್ಟಿಗೆಯ 24 ಇಂಚಿನ ಮೇಲೆ 1 ಇಂಚು ಮುಂದೆ. ಆ ಅಂಚಿನ ಕೆಳಮೈಯಲ್ಲಿ ಸಣ್ಣ ಕಾಲುವೆ ಕೊರೆಸಿದರೆ ಚೆಲ್ಲಿದ ನೀರು ಶಟರ್ ಮೇಲೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಎರಡೂ ಗೋಡೆಯ ಚಪ್ಪಡಿ ಒಂದೇ ಬಂಡೆಯದ್ದಾಗಿರಲಿ. ಅಕ್ಕಪಕ್ಕದ ನಂಬರಿನವು ಬೇಕೆಂದು ಕೇಳಿ. ಜೋಡಣೆ ಸಿಂಕಿನಿಂದ ದೂರ ಬರಲಿ. ಅಂಟಿಗೆ ಕಲ್ಲಿನ ಬಣ್ಣದ ಪುಡಿ ಬೆರೆಸಿ ತುಂಬಿಸಿದರೆ ಗೆರೆ ಎದ್ದು ಕಾಣುವುದಿಲ್ಲ. ಸಿಂಕಿನ ಸುತ್ತ ನ್ಯೂಟ್ರಲ್ ಸಿಲಿಕೋನ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ಮಾತ್ರ ಬಳಸಿ, ವಿನಿಗರ್ ವಾಸನೆ ಬರುವ ಜಾತಿಯದು ಕಲ್ಲಿಗೆ ಆಗದು.

ಕಲ್ಲು ಗೊತ್ತಾದ ಮೇಲೆ ಶಟರ್. ಶಟರ್ ಮೇಲೆ ಅಂಟಿಸುವ ಬಣ್ಣದ ಹಾಳೆಯ, ಅಂದರೆ ಲ್ಯಾಮಿನೇಟ್‌ನ, ಅಂಗಡಿಯ ಪುಸ್ತಕದಲ್ಲಿರುವ ಅಂಗೈಯಗಲದ ತುಂಡು ನೋಡಿ ಆರಿಸುವುದೇ ದೊಡ್ಡ ತಪ್ಪು. ಸಣ್ಣ ತುಂಡಿನಲ್ಲಿ ಹಿತವಾಗಿ ಕಂಡ ಬಣ್ಣ, ಮೂಲೆಯಲ್ಲಿ ಮರೆಯಾಗುವ 2 ಅಡಿ ಕಳೆದು ಉಳಿದ 14 ಅಡಿ ಉದ್ದ ಹರಡಿದಾಗ ಕಣ್ಣಿಗೆ ಹೊಡೆಯುತ್ತದೆ. ಕನಿಷ್ಠ ಒಂದಡಿ ಚದರದ ತುಂಡು ತಂದು, ಶಟರ್ ಇರುವಂತೆಯೇ ನೆಟ್ಟಗೆ ನಿಲ್ಲಿಸಬೇಕು. ಕಲ್ಲಿನ ತುಂಡು ಅದರ ಮೇಲೆ ಮಲಗಿರಲಿ. ಮಲಗಿದ ಮೈಗೂ ನಿಂತ ಮೈಗೂ ಬೆಳಕು ಬೀಳುವ ರೀತಿ ಬೇರೆ, ಬಣ್ಣವೂ ಬೇರೆ ಕಾಣುತ್ತದೆ. ಬೆಳಗ್ಗೆ 8ಕ್ಕೆ, ಮಧ್ಯಾಹ್ನ, ರಾತ್ರಿ 8ಕ್ಕೆ ಹೀಗೆ ಮೂರು ಹೊತ್ತು ಆರಡಿ ದೂರದಿಂದ ನೋಡಿದೆ.

ಇಲ್ಲಿಯೇ ದೀಪದ ವಿಚಾರ ಮುಗಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ (ಬೆಳಕು ಹಳದಿಯೋ ನೀಲಿಯೋ ಎಂದು ಹೇಳುವ ಕೆಲ್ವಿನ್ ಲೆಕ್ಕದಲ್ಲಿ) 6500 ಕೆಲ್ವಿನ್‌ನ ನೀಲಿ ಬಿಳಿ ಬೆಳಕು. ಅಲ್ಲಿ ಬಿಳಿಯೆಂದು ತಂದ ಕೆನೆ ಬಣ್ಣ, ಮನೆಯ 3000 ಕೆಲ್ವಿನ್ ಬಲ್ಬಿನಡಿ ಅರಿಶಿನ ಬಳಿದಂತಾಗುತ್ತದೆ. 4000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಂಕ) 90 ಇರುವ ಎಲ್‌ಇಡಿ ಹಾಕಿಸಿ, ಆಮೇಲೆ ಮಾದರಿ ನೋಡಿದೆ. ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಕೆಂಪಾಯಿತೋ ಸೀಯಿತೋ ತಿಳಿಯುವುದಕ್ಕೂ ಆ ಬೆಳಕು ಒಳ್ಳೆಯದು.

ಕೆಳಗಿನ ಶಟರ್‌ಗೆ ಬೂದು ಬೆರೆತ ಮಾಸಲು ಹಸಿರು, ಮೇಲಿನದಕ್ಕೆ ಕೆನೆ. ಕೆಳಗೆ ಗಾಢ ನೀಲಿ ಅಥವಾ ಕಪ್ಪು ಮ್ಯಾಟ್ (ಹೊಳಪಿಲ್ಲದ ಮೈ) ಬೇಡವೆಂದಿದ್ದಕ್ಕೆ ಕಾರಣ ಜೋಳದ ಹಿಟ್ಟು. ರೊಟ್ಟಿ ತಟ್ಟುವ ಮನೆಯಲ್ಲಿ ಹಿಟ್ಟಿನ ಧೂಳೂ ಎಣ್ಣೆಗೈ ಗುರುತೂ ಗಾಢ ಮ್ಯಾಟ್ ಮೇಲೆ ದಿನವಿಡೀ ಕಾಣುತ್ತವೆ. ಹ್ಯಾಂಡಲ್ ಇಲ್ಲದ ಶಟರ್ ಆದರೆ ಇನ್ನೂ ಕಷ್ಟ, ಒಂದೇ ಜಾಗಕ್ಕೆ ಕೈ ತಾಗುತ್ತಿರುತ್ತದೆ. ಹಾಗಾಗಿ ಸ್ಟೀಲ್ ಹ್ಯಾಂಡಲ್ ಹಾಕಿಸಿದೆ. ನಲ್ಲಿ, ಸಿಂಕ್, ಹ್ಯಾಂಡಲ್ ಮೂರೂ ಒಂದೇ ಮಂಕು ಸ್ಟೀಲ್. ಹಿತ್ತಾಳೆ ಬಣ್ಣ ಬೆರೆಸಲಿಲ್ಲ.

ಪ್ಲೈವುಡ್ 18 ಮಿ.ಮೀ., ಐಎಸ್ 710 ಗುರುತಿನದು, ಅಂದರೆ ನೀರು ತಡೆಯುವ ಮರೀನ್ ಜಾತಿಯದು. ಹೊರಗೆ 1 ಮಿ.ಮೀ. ಲ್ಯಾಮಿನೇಟ್, ಒಳಗೂ ಲ್ಯಾಮಿನೇಟ್ ಆಗಲೇಬೇಕು. ಒಂದೇ ಬದಿಗೆ ಅಂಟಿಸಿದರೆ ಶಟರ್ ಬಾಗುತ್ತದೆ. ಹಾಳೆಯ ಲೆಕ್ಕವನ್ನು ಚದರಡಿಯಲ್ಲಿ ಹಾಕಿದರೆ ಮೋಸ ಹೋಗುತ್ತೀರಿ: ಶಟರ್ ಎತ್ತರ 27 ಇಂಚು, 14 ಅಡಿ ಉದ್ದಕ್ಕೆ 31.5 ಚದರಡಿ, 8ಕ್ಕೆ 4 ಅಡಿಯ ಹಾಳೆ 32 ಚದರಡಿ, ಸಾಕಲ್ಲ ಅನ್ನಿಸುತ್ತದೆ. ಆದರೆ 8 ಅಡಿ ಉದ್ದದಲ್ಲಿ 27 ಇಂಚಿನ ಮೂರೇ ಸಾಲು ಬರುತ್ತವೆ, ಅಂದರೆ 12 ಅಡಿ. ಎರಡು ಹಾಳೆ ಬೇಕು, ಒಂದೇ ಸಲ ತರಬೇಕು, ಆಮೇಲೆ ತಂದದ್ದು ಬೇರೆ ಬ್ಯಾಚ್ ಆಗಿ ಛಾಯೆ ತಪ್ಪಬಹುದು.

ಕಟ್ಟೆಯ ಮೇಲಿನ ಗೋಡೆಗೆ 2 ಅಡಿಗೆ 1 ಅಡಿಯ ಕೆನೆ ಟೈಲ್ಸ್, ಎರಡು ಸಾಲು. ಎರಡೂ ಗೋಡೆ ಸೇರಿ 18 ಅಡಿ ಉದ್ದಕ್ಕೆ 18 ಟೈಲ್ಸ್, ತಂದದ್ದು 21. ಬಾಕ್ಸ್ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಟೈಲ್ಸ್ ನಡುವಿನ ಸಂದು 2 ಮಿ.ಮೀ. ಇಟ್ಟೆ. ಅದಕ್ಕೆ ಬಿಳಿ ಸಿಮೆಂಟ್ ತುಂಬಿದರೆ ಒಲೆಯ ಹಿಂದೆ ಅರಿಶಿನ, ಎಣ್ಣೆ ಹೀರಿ ಹಳದಿ ಗೆರೆಯಾಗುತ್ತದೆ. ಕಲ್ಲಿಗೆ ಹೊಂದುವ ತಿಳಿ ಬೂದು ಎಪಾಕ್ಸಿ ಗ್ರೌಟ್ (ಎಣ್ಣೆ ಹೀರದ, ಸಂದು ತುಂಬುವ ರಾಳ) ತುಂಬಿಸಿದೆ. ಅದನ್ನು ತುಂಬಿದ ಬೆನ್ನಿಗೇ ಒರೆಸದಿದ್ದರೆ ಟೈಲ್ಸ್ ಮೇಲೆ ಮಂಜಿನಂಥ ಪೊರೆ ಕೂರುತ್ತದೆ, ಮ್ಯಾಟ್ ಟೈಲ್ಸ್ ಮೇಲಂತೂ ಬಿಡಿಸಲಾಗದು. ಮೇಸ್ತ್ರಿ ಸ್ವಲ್ಪ ಸ್ವಲ್ಪವೇ ಕಲಸಿ, ಮೂರು ಮೂರು ಟೈಲ್ಸ್ ಮುಗಿಸುತ್ತ ಹೋಗಲಿ.

ಗೋಡೆ ಬಣ್ಣ ಎಲ್ಲಕ್ಕಿಂತ ಕೊನೆಗೆ. ಕಲ್ಲಿಗೆ ಹೊಂದುವ ಪೇಂಟ್ ಸಾವಿರ ಸಿಗುತ್ತದೆ, ಪೇಂಟಿಗೆ ಹೊಂದುವ ಕಲ್ಲು ಸಿಗುವುದಿಲ್ಲ. ಹಳೇ ಗೋಡೆಯ ಸುಣ್ಣ ಪೂರ್ತಿ ಕೆರೆಯದೆ ಪುಟ್ಟಿ ಹಚ್ಚಿದರೆ ಹಬೆಗೆ ಪದರ ಪದರವಾಗಿ ಏಳುತ್ತದೆ. ಕೆರೆದು, ಪ್ರೈಮರ್ ಹೊಡೆದು, ಎರಡಡಿ ಚದರಕ್ಕೆ ಎರಡು ಕೋಟ್ ಬಳಿದು ಒಂದು ದಿನ ಬಿಟ್ಟು ನೋಡಿದೆ. ನೆಲಕ್ಕಿಂತ ಒಂದು ಮಟ್ಟ ತಿಳಿಯಾದ ಕೆನೆ, ತೊಳೆಯಬಹುದಾದ ಎಮಲ್ಷನ್ ಪೇಂಟ್.

ಉಳಿದ ಮೂರು ಟೈಲ್ಸ್, ಲ್ಯಾಮಿನೇಟ್ ತುಂಡು, ಪೇಂಟ್ ಡಬ್ಬಿಯ ತಳದಲ್ಲಿ ಉಳಿದದ್ದು, ಇವುಗಳ ಮೇಲೆ ಶೇಡ್ ನಂಬರ್ ಬರೆದು ಅಟ್ಟದ ಮೇಲಿಟ್ಟಿದ್ದೇನೆ. ಒಲೆಯ ಹಿಂದಿನ ಟೈಲ್ಸ್ ಒಂದು ಬಿರುಕು ಬಿಟ್ಟರೂ ಅದೇ ಛಾಯೆ ಕೈಗೆ ಸಿಗುತ್ತದೆ.