ಕುರಿ ಸಂತೆಯ ದರವನ್ನು ಕಿಲೋ ಲೆಕ್ಕದಲ್ಲಿ ಬರೆದಿಟ್ಟಾಗ

ಸಂತೆಯಿಂದ ಮರಳುವವರನ್ನು ‘ಮರಿಗೆ ಏನು ದರ ನಡೆಯಿತು’ ಎಂದು ಕೇಳಿ ನೋಡಿ. ‘ಜೋಡಿಗೆ ಹದಿನೈದು ಸಾವಿರ’ ಎನ್ನುತ್ತಾರೆ. ಅದು ಕೆಂಗುರಿ ತಳಿಯದೋ ದಖನಿ ತಳಿಯದೋ, ಮೂರು ತಿಂಗಳಿನದೋ ಐದು ತಿಂಗಳಿನದೋ, ಎಷ್ಟು ತೂಗುತ್ತಿತ್ತು ಎಂಬುದು ಆ ಉತ್ತರದಲ್ಲಿ ಇರುವುದಿಲ್ಲ. ಮರಿಯೊಂದು 12 ಕಿಲೋ ತೂಗಿದರೆ ಜೋಡಿಗೆ 15,000 ಎಂದರೆ ಕಿಲೋಗೆ 625 ರೂಪಾಯಿ. ಅದೇ 15 ಕಿಲೋ ತೂಗಿದರೆ ಕಿಲೋಗೆ 500 ರೂಪಾಯಿ. ಮೊದಲನೆಯದನ್ನು ಕೊಂಡವನು ಸಂತೆಯಲ್ಲೇ ಸೋತಿದ್ದಾನೆ, ಎರಡನೆಯವನಿಗೆ ದುಡಿಯಲು ಜಾಗ ಉಳಿದಿದೆ. ಇಬ್ಬರೂ ಊರಿಗೆ ಬಂದು ಹೇಳುವ ದರ ಮಾತ್ರ ಒಂದೇ. ಮರಿ ತಂದು ಮೇಯಿಸಿ ಮಾರುವವರು ನಷ್ಟಕ್ಕೆ ಸಿಲುಕುವುದು ಬಹುಮಟ್ಟಿಗೆ ಈ ಒಂದು ಜಾಗದಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಬಾಗಲಕೋಟೆ ಜಿಲ್ಲೆಯವನು. ಟಗರು ಮರಿಗಳನ್ನು ತಂದು ಮೂರು ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿ ಮಾರುವುದು ನನ್ನ ಕಸುಬು. ಅಮೀನಗಡ ಮತ್ತು ಕೆರೂರಿನ ಕುರಿ ಸಂತೆಗಳು ನನಗೆ ಕೈಗೆಟಕುವ ದೂರದಲ್ಲಿವೆ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ನಮ್ಮದೇ ದೊಡ್ಡ ಹಿಂಡು. ಇಷ್ಟು ದೊಡ್ಡ ಸಂಪತ್ತಿನ ಬೆಲೆ ತೀರ್ಮಾನವಾಗುವುದು ಮಾತ್ರ ಇಬ್ಬರ ಕಿವಿಮಾತಿನಲ್ಲಿ. ಜಾನುವಾರು ಸಂತೆಗಳಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಈಗಲೂ ನೋಡಬಹುದು. ಪಕ್ಕದಲ್ಲಿ ನಿಂತವನಿಗೂ ಎಷ್ಟಕ್ಕೆ ಮುಗಿಯಿತು ಎಂದು ತಿಳಿಯುವುದಿಲ್ಲ. ಹೀಗಿರುವಾಗ ದರ ತಿಳಿಯಬೇಕಾದರೆ ನಾವೇ ಕೆದಕಿ ತೆಗೆಯಬೇಕು.

ಮಾರುವುದು, ಕೊಳ್ಳುವುದು ಏನೂ ಇಲ್ಲದ ವಾರವೂ ನಾನು ಸಂತೆಗೆ ಹೋಗುತ್ತೇನೆ. ವ್ಯವಹಾರದ ಒತ್ತಡ ಇಲ್ಲದ ದಿನ ಕಣ್ಣು, ಕಿವಿ ಎರಡೂ ಚುರುಕಾಗಿರುತ್ತವೆ. ದರ ಕೇಳುವುದಕ್ಕೆ ನಾನು ಆರಿಸಿಕೊಂಡ ಜಾಗ ಸಂತೆಯ ನಡುಭಾಗವಲ್ಲ, ವಾಹನಗಳಿಗೆ ಮರಿ ಏರಿಸುವ ಅಂಚು. ನಡುವೆ ಸಿಗುವುದು ಹೇಳುವ ಬೆಲೆ. ಅಂಚಿನಲ್ಲಿ ಸಿಗುವುದು ಕೊಟ್ಟ ಬೆಲೆ. ಅಲ್ಲಿಯೂ ಒಬ್ಬನ ಮಾತನ್ನು ನೆಚ್ಚುವುದಿಲ್ಲ. ಮಾರಿದವನು ಹೆಮ್ಮೆಗೆ ಐನೂರು ಕೂಡಿಸಿ ಹೇಳುತ್ತಾನೆ, ಕೊಂಡವನು ಜಾಣತನ ತೋರಿಸಲು ಐನೂರು ಕಳೆದು ಹೇಳುತ್ತಾನೆ. ಒಂದೇ ವ್ಯಾಪಾರದ ಎರಡೂ ಕಡೆಯವರನ್ನು ಮಾತನಾಡಿಸಿದರೆ ನಿಜ ನಡುವೆ ಎಲ್ಲೋ ಕುಳಿತಿರುತ್ತದೆ. ಇಂತಹ ಏಳೆಂಟು ವ್ಯಾಪಾರಗಳು ಪುಸ್ತಕಕ್ಕೆ ಇಳಿದರೆ ಆ ವಾರದ ದರ ಕೈಗೆ ಬಂದಂತೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಪಕ್ಕಕ್ಕಿಟ್ಟು, ಹೆಚ್ಚು ಮರಿಗಳು ಯಾವ ದರದ ಸುತ್ತ ಕೈ ಬದಲಿಸಿದವು ಎಂಬುದನ್ನು ಮಾತ್ರ ಗೆರೆ ಎಳೆದು ಬರೆಯುತ್ತೇನೆ.

ತೂಕ ತಿಳಿಯದೆ ಈ ಬರವಣಿಗೆಗೆ ಅರ್ಥವಿಲ್ಲ. ಕಣ್ಣಳತೆ ಬರಲು ಮನೆಯಲ್ಲಿ ನೇತುಹಾಕುವ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೇನೆ. ಪ್ರತಿ ಮರಿಯನ್ನೂ ಮೊದಲು ಕೈಯಿಂದ ಎತ್ತಿ ಅಂದಾಜು ಹೇಳುವುದು, ಆಮೇಲೆ ತೂಗುವುದು. ಮನೆಯವರೆಲ್ಲ ಸೇರಿ ಹೀಗೆ ಮಾಡುತ್ತಾ ಹೋದರೆ ಅಂದಾಜು ಒಂದು ಕಿಲೋ ಆಚೀಚೆಗೆ ಬಂದು ನಿಲ್ಲುತ್ತದೆ. ದೊಡ್ಡ ಟಗರನ್ನು ಎತ್ತಲಾಗದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದ ಅಂದಾಜು ತೂಕ ಬರುತ್ತದೆ. ಸುತ್ತಳತೆ 28, ಉದ್ದ 24 ಇಂಚು ಇದ್ದರೆ ಸುಮಾರು 28 ಕಿಲೋ. ಉಣ್ಣೆ ದಟ್ಟವಾಗಿದ್ದರೆ ಟೇಪನ್ನು ಬಿಗಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಉಣ್ಣೆಯೂ ಮಾಂಸದ ಲೆಕ್ಕಕ್ಕೆ ಸೇರುತ್ತದೆ.

ತೂಕ ಗೊತ್ತಾದ ಮೇಲೂ ಬೆನ್ನು ಮುಟ್ಟದೆ ನಾನು ಮರಿ ಕೊಳ್ಳುವುದಿಲ್ಲ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳು ಒತ್ತಿದಾಗ ಮೂಳೆಯ ಅಂಚು ಚುಚ್ಚಿದರೆ ಮೈಯಲ್ಲಿ ಮಾಂಸವಿಲ್ಲ, ತೂಗುತ್ತಿರುವುದು ಹೊಟ್ಟೆ. ಸಂತೆಗೆ ತರುವ ಮುನ್ನ ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸಿದ ಮರಿಯ ಎಡಗಡೆ ಉಬ್ಬಿ ನಿಂತಿರುತ್ತದೆ, ಬೆನ್ನು ಮಾತ್ರ ಒಣಗಿರುತ್ತದೆ. ಹಲ್ಲನ್ನೂ ನೋಡುತ್ತೇನೆ. ಕೆಳದವಡೆಯ ಎಂಟೂ ಹಾಲುಹಲ್ಲಾಗಿದ್ದರೆ ವರ್ಷದೊಳಗಿನದು. ನಡುವಿನ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷ ದಾಟಿದ್ದು. ಎಂಟೂ ಬಂದು ಬಾಯಿಗೂಡಿದ್ದರೆ ಸುಮಾರು ನಾಲ್ಕು ವರ್ಷ. ನನ್ನ ಪುಸ್ತಕದಲ್ಲಿ ಹಾಲುಹಲ್ಲಿನ ಮರಿ, ಎರಡು ಹಲ್ಲಿನ ಟಗರು, ಮುದಿ ಕುರಿ ಇವುಗಳಿಗೆ ಬೇರೆ ಬೇರೆ ಪುಟ. ಕೆಂಗುರಿ, ದಖನಿ, ಯಳಗ ತಳಿಗಳಿಗೂ ಬೇರೆ ಬೇರೆ ಕಲಂ. ಈ ವಿಂಗಡಣೆ ಇಲ್ಲದಿದ್ದರೆ ಒಂದು ವಾರ ಕೆಂಗುರಿ ಮರಿಗಳು ಹೆಚ್ಚು ಬಂದಾಗ ‘ದರ ಏರಿತು’ ಎನಿಸುತ್ತದೆ. ಏರಿರುವುದು ದರವಲ್ಲ, ಬಂದ ಮಾಲಿನ ತರಗತಿ.

ಇನ್ನು ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ಸಣ್ಣ ಮರಿಗೆ ಕಿಲೋ ದರ ಯಾವಾಗಲೂ ಹೆಚ್ಚು, ಬೆಳೆದ ಟಗರಿಗೆ ಕಡಿಮೆ. ಉದಾಹರಣೆಗೆ 14 ಕಿಲೋದ ಮರಿಯನ್ನು ಕಿಲೋಗೆ 520ರಂತೆ ತಂದರೆ 7,280 ರೂಪಾಯಿ ಆಗುತ್ತದೆ. ನೂರು ದಿನಗಳಲ್ಲಿ ದಿನಕ್ಕೆ 120 ಗ್ರಾಂನಂತೆ 12 ಕಿಲೋ ಬೆಳೆದು 26 ಕಿಲೋ ಆಯಿತು ಎನ್ನೋಣ. ಕಿಲೋಗೆ 450ರಂತೆ ಮಾರಿದರೆ 11,700. ನಡುವಿನ ವ್ಯತ್ಯಾಸ 4,420. ಇದನ್ನು ಬೆಳೆದ 12 ಕಿಲೋಗೆ ಹಂಚಿದರೆ ಕಿಲೋಗೆ ಸುಮಾರು 368 ರೂಪಾಯಿ. ಅಂದರೆ ನನ್ನ ಕೊಟ್ಟಿಗೆಯಲ್ಲಿ ಬೆಳೆದ ಒಂದೊಂದು ಕಿಲೋಗೂ ಸಂತೆ ಕೊಟ್ಟಿದ್ದು 450 ಅಲ್ಲ, 368. ಮೇವು, ಹಿಂಡಿ, ಔಷಧಿ, ಬಾಡಿಗೆ, ಸತ್ತ ಮರಿಗಳ ಬಾಬತ್ತು ಎಲ್ಲವೂ ಈ 368ರ ಒಳಗೇ ಮುಗಿಯಬೇಕು. ಮಾರುವ ವೇಳೆಗೆ ದರ 400ಕ್ಕೆ ಇಳಿದಿದ್ದರೆ? ಐವತ್ತು ರೂಪಾಯಿಯ ಇಳಿಕೆ ಪೂರ್ತಿ 26 ಕಿಲೋ ಮೇಲೆ ಬೀಳುತ್ತದೆ, 1,300 ರೂಪಾಯಿ ಹೋಗುತ್ತದೆ. ಬೆಳೆದ ಕಿಲೋದ ಬೆಲೆ 260ಕ್ಕೆ ಕುಸಿಯುತ್ತದೆ.

ಈ ಒಂದು ಅಂಕಿ ಕೈಯಲ್ಲಿದ್ದರೆ ಖರೀದಿಯ ದಿನ ಮಾತು ಚಿಕ್ಕದಾಗುತ್ತದೆ. ನನ್ನಲ್ಲಿ ತೊಗರಿ ಹೊಟ್ಟು, ಶೇಂಗಾ ಹೊಟ್ಟು ಇದ್ದು ಮೆಕ್ಕೆಜೋಳ ಮನೆಯದೇ ಆಗಿರುವ ಹಂಗಾಮಿನಲ್ಲಿ ಒಂದು ಕಿಲೋ ಬೆಳೆಸುವ ಖರ್ಚು ಕಡಿಮೆ. ಎಲ್ಲವನ್ನೂ ಕೊಂಡು ಹಾಕುವ ಬೇಸಿಗೆಯಲ್ಲಿ ಹೆಚ್ಚು. ಆ ಖರ್ಚನ್ನು ಮೊದಲು ಬರೆದುಕೊಂಡು, ಮೂರೂವರೆ ತಿಂಗಳ ನಂತರ ಸಿಗಬಹುದಾದ ದರವನ್ನು ಹಳೆಯ ಪುಟಗಳಿಂದ ನೋಡಿ, ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಇಂದಿನ ಮರಿಗೆ ಕೊಡಬಹುದಾದ ಗರಿಷ್ಠ ಬೆಲೆ ಸಿಗುತ್ತದೆ. ಅದನ್ನು ಮೀರಿದ ಮರಿ ಎಷ್ಟೇ ಚೆಂದವಿರಲಿ, ನಾನು ಮುಟ್ಟುವುದಿಲ್ಲ. ಬರಿಗೈಯಲ್ಲಿ ಮನೆಗೆ ಬರುವುದೂ ಈ ಕಸುಬಿನ ಒಂದು ಭಾಗ.

ಮುಂದಿನ ವಾರದ ಸೂಚನೆ ಈ ವಾರದ ದರಕ್ಕಿಂತ ಹೆಚ್ಚಾಗಿ ಬೇರೆ ಕಡೆ ಕಾಣುತ್ತದೆ. ಸುಂಕದ ಚೀಟಿ ಹರಿಯುವವರನ್ನು ಕೇಳಿದರೆ ಎಷ್ಟು ಮಾಲು ಒಳಗೆ ಬಂತೆಂದು ತಿಳಿಯುತ್ತದೆ. ಅದಕ್ಕಿಂತಲೂ ಬೆಲೆಯುಳ್ಳದ್ದು ಮಧ್ಯಾಹ್ನದ ಹೊತ್ತಿಗೆ ಮಾರಾಟವಾಗದೆ ಎಷ್ಟು ವಾಪಸ್ ಹೋದವು ಎಂಬುದು. ದರ ನಿಂತಲ್ಲೇ ನಿಂತಿದ್ದರೂ ವಾಪಸ್ ಹೋಗುವವು ಹೆಚ್ಚಾಗುತ್ತಿದ್ದರೆ ಇಳಿಕೆ ದೂರವಿಲ್ಲ. ಹೊರ ರಾಜ್ಯಗಳ ನೋಂದಣಿಯ ಎಷ್ಟು ಲಾರಿಗಳು ಬೆಳಗಿನ ಜಾವವೇ ಬಂದು ನಿಂತಿವೆ ಎಂಬುದನ್ನೂ ಬರೆಯುತ್ತೇನೆ. ದೊಡ್ಡ ಖರೀದಿ ಅವರದೇ. ಅವರು ಬಾರದ ವಾರ ಸ್ಥಳೀಯ ಕಟುಕರು ಎಂಟು ಗಂಟೆಯವರೆಗೂ ಬಾಯಿ ಬಿಡುವುದಿಲ್ಲ.

ಮಳೆಯೂ ದರದ ಲೆಕ್ಕದ ಭಾಗವೇ. ರೋಹಿಣಿ, ಮೃಗಶಿರ ಮಳೆಗಳು ಚೆನ್ನಾಗಿ ಬಿದ್ದರೆ ಹುಲ್ಲಿನ ಭರವಸೆಯ ಮೇಲೆ ಜನ ಹೆಣ್ಣುಕುರಿಗಳನ್ನು ಮಾರುವುದಿಲ್ಲ, ಮರಿ ಹುಡುಕಿಕೊಂಡು ಬರುತ್ತಾರೆ, ಸಣ್ಣ ಮರಿಗಳ ಬೆಲೆ ಮೊದಲು ಜಿಗಿಯುತ್ತದೆ. ಮಳೆ ಕೈಕೊಟ್ಟರೆ ಇದೇ ಲೆಕ್ಕ ತಲೆಕೆಳಗು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮೇವಿಲ್ಲದ ವರ್ಷ ಸಂತೆಗೆ ಬರುವ ಕುರಿಗಳಲ್ಲಿ ಬಡಕಲು ಹೆಣ್ಣುಕುರಿಗಳ ಪಾಲು ಬೆಳೆಯುವುದನ್ನು ಕಾಣುವಾಗ ಹೊಟ್ಟೆ ತೊಳಸಿದಂತಾಗುತ್ತದೆ. ನಾಳೆ ಈಯಬೇಕಾದ ಕುರಿ ಇವತ್ತು ಮಾಂಸದ ಲೆಕ್ಕಕ್ಕೆ ಹೋಗುತ್ತದೆ. ಕುರಿಯ ಗರ್ಭಾವಸ್ಥೆ ಐದು ತಿಂಗಳು. ಮರಿ ಮಾರಾಟಕ್ಕೆ ಬರಲು ಮತ್ತೆ ಮೂರು ನಾಲ್ಕು ತಿಂಗಳು. ಹಾಗಾಗಿ ಹೆಣ್ಣುಕುರಿಗಳು ಕಡಿದುಹೋದ ವರ್ಷದ ಬಿಸಿ ಮುಂದಿನ ವರ್ಷ ಮರಿಗಳ ಅಭಾವವಾಗಿ ತಟ್ಟುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬೇಕು.

2020ರ ಲಾಕ್‌ಡೌನ್‌ನಲ್ಲಿ ಸಂತೆಗಳು ನಿಂತವು. ಆಗ ಮನೆ ಬಾಗಿಲಿಗೆ ಬಂದ ವ್ಯಾಪಾರಿಗಳು ‘ಈಗ ದರವೇ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಬೆಲೆ ಮುರಿಯುತ್ತಿದ್ದರು. ಸಂತೆ ನಿಲ್ಲುವ ಮುಂಚಿನ ವಾರಗಳ ಕಿಲೋ ದರ ನನ್ನ ಬಳಿ ಬರಹದಲ್ಲಿತ್ತು. ಅದನ್ನು ಮುಂದಿಟ್ಟುಕೊಂಡು ಮಾತನಾಡಿದಾಗ ವ್ಯಾಪಾರ ನ್ಯಾಯವಾಗಿ ನಡೆಯಿತು.

ಹಬ್ಬಗಳ ವಿಷಯಕ್ಕೆ ಬಂದರೆ, ಬಕ್ರೀದ್ ನಮ್ಮ ವರ್ಷದ ದೊಡ್ಡ ತಿರುವು. ಚಾಂದ್ರಮಾನದ ಹಬ್ಬವಾದ್ದರಿಂದ ಪ್ರತಿ ವರ್ಷ ಹತ್ತರಿಂದ ಹನ್ನೆರಡು ದಿನ ಹಿಂದೆ ಸರಿಯುತ್ತದೆ: 2023ರಲ್ಲಿ ಜೂನ್ 29, 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಕಳೆದ ವರ್ಷದ ತಾರೀಖು ನೆನಪಿಟ್ಟುಕೊಂಡು ಮರಿ ಕಟ್ಟಿದವರಿಗೆ ಬೆಳೆಸಲು ಅಷ್ಟು ದಿನ ಕಡಿಮೆ ಬೀಳುತ್ತದೆ. ಈ ಹಬ್ಬದ ಟಗರಿನ ಬೆಲೆಯನ್ನು ಮಾತ್ರ ಕಿಲೋ ಲೆಕ್ಕದಲ್ಲಿ ಅಳೆಯಲಾಗದು. ಊನವಿರಬಾರದು, ಕೊಂಬು ಮುರಿದಿರಬಾರದು, ಕಿವಿ ಹರಿದಿರಬಾರದು; ಮೈಕಟ್ಟು, ನಡಿಗೆ, ಬಣ್ಣ ಎಲ್ಲಕ್ಕೂ ಬೆಲೆಯಿದೆ. ಆದ್ದರಿಂದ ಇವುಗಳ ದರವನ್ನು ಪ್ರತ್ಯೇಕ ಪುಟದಲ್ಲಿ ಬರೆಯುತ್ತೇನೆ. ಉಳಿದವುಗಳೊಂದಿಗೆ ಬೆರೆಸಿದರೆ ವರ್ಷದ ಸರಾಸರಿಯೇ ಸುಳ್ಳಾಗುತ್ತದೆ. ಹಬ್ಬದ ಮುಂಚಿನ ಕೊನೆಯ ಸಂತೆಯನ್ನು ನಾನು ನಂಬುವುದಿಲ್ಲ. ಅಲ್ಲಿ ಉಳಿದ ಟಗರಿಗೆ ಮರುವಾರ ಮಾಂಸದ ದರವಷ್ಟೇ ಗತಿ. ಅದಕ್ಕಿಂತ ಎರಡು ಸಂತೆ ಮುಂಚೆಯೇ ಕೈ ಖಾಲಿ ಮಾಡಿಕೊಳ್ಳುತ್ತೇನೆ.

ಯುಗಾದಿಯ ಮರುದಿನ ಮಾಂಸದೂಟ ಮಾಡುವ ಹೊಸತೊಡಕಿಗಾಗಿ ಬೆಂಗಳೂರು, ಮೈಸೂರು ಕಡೆಯ ವ್ಯಾಪಾರಿಗಳು ಮುಂಚೆಯೇ ಬಂದು ಮಾಲು ಎತ್ತುತ್ತಾರೆ. ಬೇಸಿಗೆಯ ಜಾತ್ರೆಗಳು ದರವನ್ನು ಹಿಡಿದು ನಿಲ್ಲಿಸುತ್ತವೆ. ಶ್ರಾವಣ ಬಂತೆಂದರೆ ಇಳಿಕೆ. ಮಾರುವವನಿಗೆ ಬೇಡವಾದ ಆ ತಿಂಗಳೇ ಕೊಳ್ಳುವ ನನಗೆ ಬೇಕಾದ ತಿಂಗಳು. ಆದರೆ ಮಳೆಗಾಲದ ಮರಿಗಳಲ್ಲಿ ಕರುಳುಬೇನೆ, ಪಿಪಿಆರ್, ನೀಲಿನಾಲಿಗೆ ಎಂಬ ರೋಗಗಳಲ್ಲಿ ಯಾವುದು ಅಡಗಿದೆಯೋ ತಿಳಿಯದು. ಹೊಸ ಮರಿಗಳನ್ನು ಮೂರು ವಾರ ಬೇರೆಯೇ ಕಟ್ಟಿ, ಲಸಿಕೆ ಹಾಕಿಸಿದ ಮೇಲೆಯೇ ಹಳೆಯವುಗಳೊಂದಿಗೆ ಬಿಡುತ್ತೇನೆ. ಅಗ್ಗಕ್ಕೆ ತಂದ ಮರಿ ಸತ್ತರೆ ಅದರಷ್ಟು ದುಬಾರಿ ಬೇರೊಂದಿಲ್ಲ.

ಮೊಬೈಲ್‌ನಲ್ಲಿ ಹರಿದಾಡುವ ದರಗಳಿಗೆ ನನ್ನ ಪುಸ್ತಕದಲ್ಲಿ ಜಾಗವಿಲ್ಲ. ಲಕ್ಷಕ್ಕೆ ಮಾರಾಟವಾದ ಟಗರಿನ ವಿಡಿಯೊ ಎಲ್ಲರಿಗೂ ತಲುಪುತ್ತದೆ, ಎಂಟು ಸಾವಿರಕ್ಕೆ ಹೋದ ನೂರಾರು ಟಗರುಗಳ ವಿಡಿಯೊ ಯಾರೂ ಮಾಡುವುದಿಲ್ಲ. ಎಪಿಎಂಸಿ ದರಪಟ್ಟಿಯ ಕನಿಷ್ಠ, ಗರಿಷ್ಠ, ಮಾದರಿ ದರಗಳಲ್ಲಿ ಮಾದರಿಯನ್ನು, ಅಂದರೆ ಹೆಚ್ಚು ಮಾಲು ಮಾರಾಟವಾದ ದರವನ್ನು ಮಾತ್ರ ಗಮನಿಸುತ್ತೇನೆ. ಅದೂ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು.

ಮಾರುವ ದಿನದ ಕ್ರಮ ಸರಳ. ಹಿಂದಿನ ಸಂಜೆ ಪ್ರತಿ ಟಗರನ್ನೂ ತೂಗಿ, ಕಿವಿಯ ಓಲೆಯ ಸಂಖ್ಯೆಯ ಎದುರು ತೂಕವನ್ನೂ ಕನಿಷ್ಠ ಬೆಲೆಯನ್ನೂ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ದೂರದ ಪ್ರಯಾಣದಲ್ಲಿ ತೂಕ ಇಳಿಯುತ್ತದೆಂದು ಹತ್ತಿರದ ಸಂತೆಯನ್ನೇ ಆರಿಸುತ್ತೇನೆ. ದೂರದ ಸಂತೆಯಲ್ಲಿ ಕಿಲೋಗೆ ಹತ್ತು ರೂಪಾಯಿ ಹೆಚ್ಚಿದ್ದರೂ ಬಾಡಿಗೆ, ತೂಕದ ಇಳಿಕೆ ಸೇರಿ ಅದನ್ನು ತಿಂದುಬಿಡುತ್ತವೆ. ವ್ಯಾಪಾರಿ ‘ಒಟ್ಟಿಗೆ ಹತ್ತಕ್ಕೆ ಇಷ್ಟು’ ಎಂದರೆ ಒಪ್ಪುವುದಿಲ್ಲ. ಗುತ್ತಿಗೆ ಬೆಲೆಯಲ್ಲಿ ನನ್ನ ಉತ್ತಮ ಟಗರುಗಳು ಸಾಧಾರಣದವುಗಳ ದರಕ್ಕೆ ಹೋಗುತ್ತವೆ.

ನಮ್ಮ ಓಣಿಯಲ್ಲಿ ಎರಡು ಮೂರು ಕುರಿ ಸಾಕುವ ಹೆಣ್ಣುಮಕ್ಕಳು ಸಂತೆಗೆ ಹೋಗುವುದಿಲ್ಲ, ಬಾಗಿಲಿಗೆ ಬಂದವನಿಗೆ ಮಾರುತ್ತಾರೆ. ಸಂತೆಯ ಸಂಜೆ ಅವರಿಗೆ ಆ ವಾರದ ಕಿಲೋ ದರ ಹೇಳುತ್ತೇನೆ, ತಕ್ಕಡಿಯನ್ನೂ ಕೊಡುತ್ತೇನೆ. ಮಗಳ ಕಾಲೇಜು ಶುಲ್ಕಕ್ಕೆಂದು ಟಗರು ಮಾರುವ ತಾಯಿಗೆ ಅದು 22 ಕಿಲೋ ತೂಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ, ‘ಹದಿನೆಂಟು ಆಗಬಹುದು’ ಎನ್ನುವ ವ್ಯಾಪಾರಿಯ ಮಾತು ನಡೆಯುವುದಿಲ್ಲ. ಪ್ರತಿ ತಲೆಗೂ ಸುಂಕ ವಸೂಲಾಗುವ ಸಂತೆಗಳಲ್ಲಿ, ಸುಂಕದ ಹಣದಿಂದಲೇ, ಒಳಬರುವ ದಾರಿಯಲ್ಲಿ ಒಂದು ತೂಕದ ಯಂತ್ರವನ್ನೂ ಆ ವಾರದ ಕಿಲೋ ದರ ಬರೆಯುವ ಒಂದು ಹಲಗೆಯನ್ನೂ ಇಡಬೇಕು. ಇದನ್ನು ಸಂತೆ ನಡೆಸುವವರ ಮುಂದೆ ಹೇಳುತ್ತಲೇ ಬಂದಿದ್ದೇನೆ, ಮುಂದೆಯೂ ಹೇಳುತ್ತೇನೆ. ನಿಮ್ಮ ಊರಿನ ಸಂತೆಯಲ್ಲಿ ನೀವೂ ಕೇಳಿ.