ಮೊದಲು ಸದ್ದು, ಆಮೇಲೆ ವೇಗ: ನನ್ನ ಓವರ್‌ಕ್ಲಾಕಿಂಗ್ ಅನುಭವ

ಓವರ್‌ಕ್ಲಾಕ್ ಮಾಡುವವರು, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವವರು, ಸಾಮಾನ್ಯವಾಗಿ ಮೊದಲು ವೇಗ ಏರಿಸುತ್ತಾರೆ. ಬಿಸಿಯಾದರೆ ಫ್ಯಾನ್ ಜೋರು ಮಾಡುತ್ತಾರೆ. ಸದ್ದಿನ ಯೋಚನೆ ಬರುವುದು ಕೊನೆಗೆ. ನನ್ನ ರೈಜನ್ 7 5800ಎಕ್ಸ್ ಪ್ರೊಸೆಸರ್ ಮೇಲೆ ನಾನು ಇದನ್ನು ಹಿಂದುಮುಂದು ಮಾಡಿದೆ. ಎಷ್ಟು ಸದ್ದಾದರೆ ಪರವಾಗಿಲ್ಲ ಅಂತ ಮೊದಲೇ ನಿರ್ಧರಿಸಿ, ಅದರೊಳಗೆ ಸಿಕ್ಕಷ್ಟು ವೇಗ ತೆಗೆದುಕೊಂಡೆ.

ಕೇಸ್ ಮುಚ್ಚಿ, ದಿನಾ ಕೂರುವ ಜಾಗದಲ್ಲೇ ಕೂತು, ಫ್ಯಾನ್ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿದೆ. ನನ್ನ ಕೂಲರ್‌ನ 140 ಎಂಎಂ ಫ್ಯಾನ್‌ಗಳು 900 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ದಾಟಿದ ಮೇಲೆ ಕಿರಿಕಿರಿ ಶುರುವಾಯಿತು. ಅದೇ ನನ್ನ ಮಿತಿ. ಫ್ಯಾನ್ ವೇಗ ಎರಡರಷ್ಟಾದರೆ ಗಾಳಿಯೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೇ ಕಿವಿಗೆ ಸದ್ದು ಎರಡರಷ್ಟು ಅನ್ನಿಸುತ್ತದೆ. ಅಷ್ಟಾದರೂ ಬಿಸಿ ಇಳಿಯುವುದು ಕೆಲವೇ ಡಿಗ್ರಿ. ಈ ಚಿಪ್‌ನಲ್ಲಿ ಎಂಟು ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) ಸುಮಾರು 80 ಚದರ ಮಿಲಿಮೀಟರ್ ಸಿಲಿಕಾನ್ ತುಣುಕಿನಲ್ಲಿವೆ. ಅಷ್ಟು ಚಿಕ್ಕ ಜಾಗದಿಂದ ಶಾಖ ಕೂಲರ್‌ವರೆಗೆ ಬರುವುದೇ ಕಷ್ಟ. ಗಾಳಿ ಜಾಸ್ತಿ ಮಾಡಿದರೆ ಆ ಅಡ್ಡಿ ಹೋಗುವುದಿಲ್ಲ.

ಆಮೇಲೆ ಈ ಸದ್ದಿನ ಮಿತಿಯೊಳಗೆ ಪ್ರೊಸೆಸರ್‌ಗೆ ಎಷ್ಟು ವ್ಯಾಟ್ ಕೊಡಬಹುದು ಅಂತ ಹುಡುಕಿದೆ. ಈ ಪ್ರೊಸೆಸರ್‌ಗೆ ಕಂಪನಿಯೇ ಇಟ್ಟಿರುವ ಪಿಪಿಟಿ, ಅಂದರೆ ಒಟ್ಟು ವಿದ್ಯುತ್ ಬಳಕೆಯ ಮಿತಿ, 142 ವ್ಯಾಟ್. ಫ್ಯಾನ್‌ಗಳನ್ನು 900ಕ್ಕೆ ನಿಲ್ಲಿಸಿ, ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶವನ್ನು ಸತತವಾಗಿ ಓಡಿಸಿ, ತಾಪ 80 ಡಿಗ್ರಿ ಆಸುಪಾಸು ನಿಲ್ಲುವವರೆಗೆ ಮಿತಿ ಇಳಿಸಿದೆ. 120 ವ್ಯಾಟ್‌ನಲ್ಲಿ ನಿಂತಿತು. ಸ್ಕೋರ್ ಬಿದ್ದದ್ದು ತೀರಾ ಕಡಿಮೆ. ಯಾಕೆಂದರೆ ಕೊನೆಯ ಒಂದಷ್ಟು ಮೆಗಾಹರ್ಟ್ಸ್‌ಗೆ ವೋಲ್ಟೇಜ್ ವಿಪರೀತ ಬೇಕು, ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.20 ವೋಲ್ಟ್ 1.35 ಆದರೆ, ವೇಗ ಏರದಿದ್ದರೂ, ಸುಮಾರು ಶೇ. 27ರಷ್ಟು ಹೆಚ್ಚು ಶಾಖ!

ಕಳೆದುಕೊಂಡ ವೇಗವನ್ನು, ಕೋರ್‌ಗಳ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಎಂಬ ಸೆಟ್ಟಿಂಗ್‌ನಿಂದ ವಾಪಸ್ ಪಡೆದೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಪ್ರತಿ ಕೋರ್‌ಗೂ ಬೇರೆ ಬೇರೆ ಮೈನಸ್ ಸಂಖ್ಯೆ ಕೊಟ್ಟರೆ, ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ಉಳಿದ ವ್ಯಾಟ್‌ಗಳನ್ನು ಪ್ರೊಸೆಸರ್ ತಾನೇ ವೇಗಕ್ಕೆ ಬಳಸಿಕೊಳ್ಳುತ್ತದೆ. ನನ್ನ ಚಿಪ್‌ನಲ್ಲಿ ಅತಿ ವೇಗದ ಎರಡು ಕೋರ್‌ಗಳು ಮೈನಸ್ 10ಕ್ಕಿಂತ ಕೆಳಗೆ ಒಪ್ಪಲಿಲ್ಲ. ಉಳಿದವು ಮೈನಸ್ 25ರಲ್ಲೂ ಆರಾಮಾಗಿವೆ.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಎಲ್ಲಾ ಕೋರ್ ಮೇಲೂ ಭಾರ ಹಾಕಿ ಪಾಸಾದರೆ ಸಾಲದು. ಆಗ ಯಾವ ಕೋರೂ ತನ್ನ ಗರಿಷ್ಠ ವೇಗ ಮುಟ್ಟುವುದೇ ಇಲ್ಲ, ಅಲ್ವಾ? ಆ ಪರೀಕ್ಷೆ ಪಾಸಾದ ಕಂಪ್ಯೂಟರೂ ಸುಮ್ನೆ ಇದ್ದಾಗ ರೀಸ್ಟಾರ್ಟ್ ಆಗಬಹುದು, ಅದಕ್ಕೇ. ಕೋರ್‌ಸೈಕ್ಲರ್ ಎಂಬ ತಂತ್ರಾಂಶ ಒಂದೊಂದೇ ಕೋರ್ ಹಿಡಿದು ಪರೀಕ್ಷಿಸುತ್ತದೆ, ಅದನ್ನು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್) ದೋಷ ಕಂಡರೆ ಆ ಕೋರ್‌ನ ಸಂಖ್ಯೆಯನ್ನು ಸೊನ್ನೆಯ ಕಡೆಗೆ ತನ್ನಿ.

ಫ್ಯಾನ್ ಕರ್ವ್, ಅಂದರೆ ಯಾವ ತಾಪಕ್ಕೆ ಫ್ಯಾನ್ ಎಷ್ಟು ವೇಗ ಅನ್ನುವ ಸೆಟ್ಟಿಂಗ್, ಮಾತ್ರ ಸರಳವಾಗಿಡಿ. ರೈಜನ್ ತಾಪ ಬ್ರೌಸರ್ ತೆರೆದರೂ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಫ್ಯಾನ್ ಏರಿಳಿದರೆ ತಲೆನೋವು. ಒಂದೇ ಸಮನಾದ ಸದ್ದಿಗೆ ಕಿವಿ ಬೇಗ ಒಗ್ಗುತ್ತದೆ. ಹಾಗಾಗಿ 70 ಡಿಗ್ರಿವರೆಗೆ 600 ಆರ್‌ಪಿಎಂ, ನಂತರ ನಿಧಾನವಾಗಿ 900. ಏರುವ ಮುನ್ನ ಕೆಲವು ಸೆಕೆಂಡ್ ಕಾಯುವಂತೆ ಬಯಾಸ್‌ನಲ್ಲೇ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಇಟ್ಟಿದ್ದೇನೆ. ಬಯಾಸ್ ಅಪ್‌ಡೇಟ್ ಮಾಡಿದರೆ ಇದೆಲ್ಲ ಅಳಿಸಿಹೋಗಬಹುದು. ಸೆಟ್ಟಿಂಗ್ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಿ.